ಮುಂದಿನ ಪಾಳಿಯವನಿಗೆ ಒಂದು ಸಾಲು

"ಎರಡನೇ ಪಂಪು ನೋಡಿಕೊಳ್ಳಿ."

ಲಾಗ್ ಪುಸ್ತಕದಲ್ಲಿ ಇದ್ದದ್ದು ಇಷ್ಟೇ. ನಾನು ಒಂದು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗಕ್ಕೆ ಸೇರಿ ಆಗ ಎರಡು ತಿಂಗಳಾಗಿತ್ತು. ನೈಟ್ ಶಿಫ್ಟು. ಹಾಗೆ ಬರೆದಿಟ್ಟ ಹಿರಿಯರು ಸೈಕಲ್ ಹತ್ತಿ ಮನೆ ಸೇರಿಯಾಗಿತ್ತು. ಕೈಗೊಂದು ಫೋನು ಇದ್ದ ಕಾಲವಲ್ಲ ಅದು. ನಾನು ಪಂಪನ್ನು ನೋಡಿಕೊಂಡೆ. ತಿರುಗುತ್ತಿತ್ತು, ನೀರೆತ್ತುತ್ತಿತ್ತು, ಸದ್ದಿನಲ್ಲೂ ನನ್ನ ಎಳೆಯ ಕಿವಿಗೆ ಏನೂ ಹೊಳೆಯಲಿಲ್ಲ. ಗಂಟೆಗೊಮ್ಮೆ ಹೋಗಿ ಅದರ ಮುಂದೆ ನಿಂತು ಬಂದೆ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಬೇರಿಂಗ್ ಸುಟ್ಟು ಶಾಫ್ಟ್ ಕಚ್ಚಿಕೊಂಡಿತು. ಹಿರಿಯರು ಬಂದ ಮೇಲೆ ಸಂಗತಿ ತಿಳಿಯಿತು. ಮೋಟರ್ ಕಡೆಯ ಬೇರಿಂಗ್ ಸಂಜೆಯೇ ಕೈ ಇಡಲಾರದಷ್ಟು ಬಿಸಿಯಾಗಿತ್ತಂತೆ. ಅವರು ಗ್ರೀಸ್ ತುಂಬಿದ್ದರಂತೆ. ಮತ್ತೆ ಬಿಸಿಯೇರಿದರೆ ಅದನ್ನು ನಿಲ್ಲಿಸಿ ಮೂರನೇ ಪಂಪು ಚಾಲು ಮಾಡಬೇಕು ಎಂದು ಅವರ ಮನಸ್ಸಿನಲ್ಲಿತ್ತು. ಮನಸ್ಸಿನಲ್ಲಿ ಇದ್ದದ್ದು ಪುಸ್ತಕಕ್ಕೆ ಇಳಿದಿರಲಿಲ್ಲ.

ಅವರಷ್ಟು ಕೈಗುಣವಿದ್ದ ಫಿಟ್ಟರ್ ಆ ಕಾರ್ಖಾನೆಯಲ್ಲಿ ಇನ್ನೊಬ್ಬರಿರಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗಿಟ್ಟು ಹಿಡಿಯನ್ನು ಕಿವಿಗೊತ್ತಿ ರೋಗ ಹೇಳಬಲ್ಲವರು. ಅವರಿಗೆ ಫೈಲ್ ಹಿಡಿಯುವುದನ್ನು ಕಲಿಸಿದ್ದರು, ಡ್ರಾಯಿಂಗ್ ಓದುವುದನ್ನು ಕಲಿಸಿದ್ದರು. ಕಂಡದ್ದನ್ನು ಇನ್ನೊಬ್ಬರ ಕೈಗೆ ಒದಗುವಂತೆ ಬರೆಯುವುದು ಹೇಗೆ ಎಂದು ಮಾತ್ರ ಯಾರೂ ಕಲಿಸಿರಲಿಲ್ಲ. ಇಂದಿಗೂ ನಮ್ಮಲ್ಲಿ ಹೆಚ್ಚಿನ ಕಡೆ ಕಲಿಸುತ್ತಿಲ್ಲ. ಅದು ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿರುವ ವಿಷಯ.

ತಾಂತ್ರಿಕ ಬರವಣಿಗೆ ಎಂದರೆ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಂಗ್ಲಿಷ್ ಬಲ್ಲವರು ಮಾಡುವ ಕೆಲಸ ಎಂಬ ಕಲ್ಪನೆ ನಮ್ಮಲ್ಲಿದೆ. ಆದರೆ ಗ್ಯಾರೇಜಿನ ಜಾಬ್ ಕಾರ್ಡ್, ಸಬ್‌ಸ್ಟೇಷನ್ನಿನ ಲಾಗ್ ಶೀಟ್, ಬ್ರೇಕ್‌ಡೌನ್ ರಿಪೋರ್ಟ್, ವೆಲ್ಡಿಂಗ್ ಶೆಡ್ಡಿನ ಎಸ್ಟಿಮೇಟ್, ಲಿಫ್ಟ್ ಮೆಕ್ಯಾನಿಕ್ ಬಿಟ್ಟುಹೋಗುವ ಸರ್ವಿಸ್ ಚೀಟಿ, ಇವೆಲ್ಲ ತಾಂತ್ರಿಕ ಬರವಣಿಗೆಯೇ. ಇವುಗಳನ್ನು ಓದುವವನು ಆರಾಮಾಗಿ ಕೂತು ಓದುವವನಲ್ಲ. ಓದಿದ ಮರುನಿಮಿಷ ಅವನ ಕೈ ಯಂತ್ರದೊಳಗೆ ಹೋಗುತ್ತದೆ.

ಕೈ ಒಳಗೆ ಹೋದ ಮೇಲೆ ಏನಾಗಬಹುದು ಎಂಬುದಕ್ಕೆ ಜಗತ್ತು ಮರೆಯಬಾರದ ಒಂದು ರಾತ್ರಿಯಿದೆ. 1988ರ ಜುಲೈ 6. ಸ್ಕಾಟ್‌ಲೆಂಡಿನ ಅಬರ್ಡೀನ್‌ನಿಂದ ದೂರ, ಉತ್ತರ ಸಮುದ್ರದ ನಡುವೆ ನಿಂತಿದ್ದ ಪೈಪರ್ ಆಲ್ಫಾ ಎಂಬ ತೈಲ ಮತ್ತು ಅನಿಲದ ವೇದಿಕೆ. ಅಲ್ಲಿ ಕಂಡೆನ್ಸೇಟ್ ಎಂಬ ದ್ರವವನ್ನು ದಬ್ಬಲು ಎರಡು ಪಂಪುಗಳಿದ್ದವು, ಎ ಮತ್ತು ಬಿ. ಹಗಲು ಪಾಳಿಯವರು ಎ ಪಂಪಿನ ಸೇಫ್ಟಿ ವಾಲ್ವನ್ನು ಪರೀಕ್ಷೆಗೆಂದು ಬಿಚ್ಚಿದ್ದರು. ಸಂಜೆ ಆರರೊಳಗೆ ಅದನ್ನು ಮತ್ತೆ ಕೂರಿಸಲಾಗಲಿಲ್ಲ. ತೆರೆದ ಬಾಯಿಗೆ ಒಂದು ಬ್ಲೈಂಡ್ ಫ್ಲ್ಯಾಂಜ್ ಮುಚ್ಚಿಟ್ಟರು. ಅದು ಒತ್ತಡ ತಡೆಯುವಷ್ಟು ಬಿಗಿಯಾಗಿರಲಿಲ್ಲ. ಈ ಕೆಲಸಕ್ಕೊಂದು ಪರ್ಮಿಟ್, ಎಂದರೆ ಕೆಲಸದ ಅನುಮತಿ ಚೀಟಿ, ಇತ್ತು. ಅದೇ ಪಂಪಿಗೆ ಇನ್ನೊಂದು ದೊಡ್ಡ ರಿಪೇರಿಯ ಪರ್ಮಿಟ್ಟೂ ಇತ್ತು, ಆ ರಿಪೇರಿ ಇನ್ನೂ ಶುರುವಾಗಿರಲಿಲ್ಲ. ಹೀಗೆ ಒಂದೇ ಪಂಪಿಗೆ ಎರಡು ಕಾಗದ, ಎರಡೂ ಬೇರೆ ಬೇರೆ ಜಾಗದಲ್ಲಿ. ಒಂದರಲ್ಲಿ ಇನ್ನೊಂದರ ಸುದ್ದಿಯಿಲ್ಲ. ಪಾಳಿ ಬದಲಾಗುವಾಗ ಸೇಫ್ಟಿ ವಾಲ್ವಿನ ಮಾತು ಬಾಯಿಂದ ಬಾಯಿಗೂ ದಾಟಲಿಲ್ಲ.

ರಾತ್ರಿ ಹತ್ತಕ್ಕೆ ಸ್ವಲ್ಪ ಮುಂಚೆ ಬಿ ಪಂಪು ನಿಂತಿತು. ಎಷ್ಟು ಮಾಡಿದರೂ ಚಾಲು ಆಗಲಿಲ್ಲ. ರಾತ್ರಿ ಪಾಳಿಯವರು ಕಾಗದ ಹುಡುಕಿದರು. ರಿಪೇರಿ ಶುರುವಾಗಿಲ್ಲ ಎಂಬ ಪರ್ಮಿಟ್ ಸಿಕ್ಕಿತು, ವಾಲ್ವ್ ಇಲ್ಲ ಎಂಬ ಪರ್ಮಿಟ್ ಸಿಗಲಿಲ್ಲ. ಹಾಗಾದರೆ ಎ ಪಂಪು ಸರಿಯಿದೆ ಎಂದುಕೊಂಡು ಒತ್ತಿದರು. ಅನಿಲ ನುಗ್ಗಿತು, ಕಿಡಿ ತಗುಲಿತು. 167 ಜನ ಸತ್ತರು, 61 ಜನ ಬದುಕಿದರು. ವಿಚಾರಣೆ ನಡೆಸಿದ ಲಾರ್ಡ್ ಕಲೆನ್ 1990ರಲ್ಲಿ ಕೊಟ್ಟ ವರದಿಯಲ್ಲಿ 106 ಶಿಫಾರಸುಗಳಿದ್ದವು. ಕೆಲಸದ ಪರ್ಮಿಟ್ ಹೇಗಿರಬೇಕು, ಪಾಳಿಯಿಂದ ಪಾಳಿಗೆ ಸುದ್ದಿ ಹೇಗೆ ದಾಟಬೇಕು ಎಂಬುದು ಅದರಲ್ಲಿ ಮುಖ್ಯ ಭಾಗ. ಅಂದು ರಾತ್ರಿ ತಪ್ಪಿದ್ದು ಅದೊಂದೇ ಅಲ್ಲ, ಬೆಂಕಿ ಹರಡಿದ್ದಕ್ಕೂ ಅಷ್ಟು ಜನ ಸಿಕ್ಕಿಕೊಂಡದ್ದಕ್ಕೂ ಬೇರೆ ಕಾರಣಗಳಿವೆ. ಆದರೂ ಪಂಪಿನ ಗುಂಡಿ ಒತ್ತಿದ ಕೈಯನ್ನು ತಡೆಯಲು ಒಂದು ಸಾಲು ಸಾಕಿತ್ತು: ಎ ಪಂಪಿಗೆ ಸೇಫ್ಟಿ ವಾಲ್ವ್ ಇಲ್ಲ, ಚಾಲು ಮಾಡಬೇಡಿ.

ನಮ್ಮ ಊರಿನಲ್ಲಿ ಇಂಥ ಪರ್ಮಿಟ್ಟಿಗೆ ಹತ್ತಿರದ ಮಾತು 'ಎಲ್‌ಸಿ'. ಲೈನ್ ಕ್ಲಿಯರ್. 11 ಕೆವಿ ಲೈನಿನ ಕಂಬ ಹತ್ತುವ ಮೊದಲು ಲೈನ್‌ಮನ್ ಸಬ್‌ಸ್ಟೇಷನ್ನಿಗೆ ಹೇಳಿ ಎಲ್‌ಸಿ ತೆಗೆದುಕೊಳ್ಳಬೇಕು. ಆಪರೇಟರ್ ಆ ಲೈನಿಗೆ ಕರೆಂಟ್ ಕೊಡುವ ಫೀಡರ್ ಆಫ್ ಮಾಡಿ, ಯಾರಿಗೆ ಕೊಟ್ಟೆ, ಯಾವ ಲೈನು, ಎಷ್ಟು ಹೊತ್ತಿಗೆ ಎಂದು ಪುಸ್ತಕದಲ್ಲಿ ಬರೆಯಬೇಕು. ಕೆಲಸ ಮುಗಿದ ಮೇಲೆ ತೆಗೆದುಕೊಂಡವನೇ ಎಲ್‌ಸಿ ವಾಪಸ್ ಕೊಡಬೇಕು. ಒಂದೇ ಫೀಡರಿನ ಮೇಲೆ ಎರಡು ಗ್ಯಾಂಗು ಎರಡು ಊರಿನಲ್ಲಿ ಕೆಲಸ ಮಾಡುತ್ತಿದ್ದರೆ ಎರಡೂ ಎಲ್‌ಸಿ ವಾಪಸ್ ಬರುವವರೆಗೆ ಆ ಫೀಡರ್ ಚಾರ್ಜ್ ಆಗಕೂಡದು. ಆಪರೇಟರಿಗೆ ಎರಡನೇ ಗ್ಯಾಂಗನ್ನು ನೆನಪಿಸುವುದು ಆ ಪುಸ್ತಕದ ಇನ್ನೊಂದು ಸಾಲು. ಕಂಬದ ಮೇಲಿರುವವನ ಹೆಂಡತಿ ಮಕ್ಕಳು ಆ ಸಾಲನ್ನು ಎಂದೂ ನೋಡಿರುವುದಿಲ್ಲ.

ಇಷ್ಟು ಭಾರದ ಕೆಲಸಕ್ಕೆ ನಮ್ಮ ತಯಾರಿ ಏನು? ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಐಟಿಐ ಸೇರುತ್ತಾನೆ. ಎಲೆಕ್ಟ್ರಿಷಿಯನ್, ಫಿಟ್ಟರ್ ಟ್ರೇಡುಗಳಿಗೆ ಎರಡು ವರ್ಷ, ವೆಲ್ಡರಿಗೆ ಒಂದು ವರ್ಷ. ವರ್ಕ್‌ಶಾಪ್ ಇದೆ, ಲೆಕ್ಕ ಇದೆ, ಡ್ರಾಯಿಂಗ್ ಇದೆ, ಎಂಪ್ಲಾಯಬಿಲಿಟಿ ಸ್ಕಿಲ್ಸ್ ಎಂಬ ವಿಷಯವೂ ಇದೆ. ಆದರೆ ಥಿಯರಿ ಪರೀಕ್ಷೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವಂಥದ್ದು. ಕೋರ್ಸ್ ಮುಗಿಯುವಷ್ಟರಲ್ಲಿ ಹುಡುಗ ಸ್ವಂತವಾಗಿ ಕಟ್ಟಿದ ಹತ್ತು ವಾಕ್ಯ ಬರೆದಿರುತ್ತಾನೋ ಇಲ್ಲವೋ. ಬರೆಯಲು ಇರುವುದು ಪ್ರಾಕ್ಟಿಕಲ್ ರೆಕಾರ್ಡ್ ಒಂದೇ. ಅದನ್ನು ಹಿಂದಿನ ವರ್ಷದವರ ರೆಕಾರ್ಡಿನಿಂದ ನಕಲು ಮಾಡುವುದು ಎಷ್ಟು ಸಹಜವಾಗಿದೆಯೆಂದರೆ, ಹಿಂದಿನವರ ಕಾಗುಣಿತದ ತಪ್ಪುಗಳೂ ಹಾಗೆಯೇ ಮುಂದುವರಿದಿರುವುದನ್ನು ನಾನೇ ನೋಡಿದ್ದೇನೆ. ನಕಲು ಮಾಡಿದ ರೆಕಾರ್ಡಿನಲ್ಲಿ ಎಲ್ಲ ರೀಡಿಂಗೂ ಸರಿಯಾಗಿರುತ್ತದೆ. ಹಾಗೆ ಎರಡು ವರ್ಷ ಪಳಗಿದ ಕೈ ಕಾರ್ಖಾನೆಗೆ ಬಂದು, ಆಡಿಟ್‌ನ ಹಿಂದಿನ ದಿನ ಇಡೀ ತಿಂಗಳ ಚೆಕ್‌ಲಿಸ್ಟನ್ನು ಒಂದೇ ಪೆನ್ನಿನಲ್ಲಿ ತುಂಬುತ್ತದೆ. ನಾವೇ ಕಲಿಸಿದ್ದು ಅದನ್ನು.

ಚೆಕ್‌ಲಿಸ್ಟಿನ ಮಾತು ಬಂದದ್ದರಿಂದ ಹೇಳುತ್ತೇನೆ. "ಓಕೆ" ಎಂಬುದು ರೀಡಿಂಗ್ ಅಲ್ಲ. 5 ಎಚ್‌ಪಿಯ ತ್ರೀ ಫೇಸ್ ಮೋಟರ್ ಫುಲ್ ಲೋಡಿನಲ್ಲಿ ಸುಮಾರು ಏಳೂವರೆ ಆಂಪಿಯರ್ ಎಳೆಯುತ್ತದೆ. "ಮೋಟರ್ ಓಕೆ" ಎಂದು ಬರೆದರೆ ಓದುವವನಿಗೆ ಸಿಕ್ಕಿದ್ದು ಬರೆದವನ ನಂಬಿಕೆ. "ಆರ್ 7.2, ವೈ 7.4, ಬಿ 9.1" ಎಂದು ಬರೆದರೆ ಮೂರನೇ ಫೇಸಿನಲ್ಲಿ ಏನೋ ಇದೆ ಎಂಬುದು ಬರೆದವನಿಗೇ ಹೊಳೆಯದಿದ್ದರೂ ಓದುವವನಿಗೆ ಹೊಳೆಯುತ್ತದೆ. "ಆಗಾಗ ಟ್ರಿಪ್ ಆಗುತ್ತಿದೆ" ಎಂಬುದೂ ಅಂಥದ್ದೇ. "ಇವತ್ತು 3 ಸಲ ಟ್ರಿಪ್ ಆಯಿತು: 10:20, 11:05, 2:40. ಮೂರು ಸಲವೂ ಕಂಪ್ರೆಸರ್ ಚಾಲು ಆದ ಕೂಡಲೇ." ಇಷ್ಟು ಬರೆದವನು ಅರ್ಧ ರಿಪೇರಿ ಮುಗಿಸಿದ ಹಾಗೆ. ಸ್ವಲ್ಪ, ಜಾಸ್ತಿ, ಆಗಾಗ ಎಂಬ ಮೂರು ಪದಗಳನ್ನು ಲಾಗ್ ಪುಸ್ತಕದಿಂದ ಓಡಿಸಿದರೆ ಪುಸ್ತಕದ ಬೆಲೆ ಇಮ್ಮಡಿಯಾಗುತ್ತದೆ ಎಂದು ನಾನು ಹೊಸಬರಿಗೆ ಹೇಳುತ್ತಿದ್ದೆ.

ಅಂಕಿ ಬರೆದರೂ ಅದರ ಪಕ್ಕದಲ್ಲಿ ಮಾನ ಬರೆಯದಿದ್ದರೆ ಕೇಡು ತಪ್ಪದು. 1983ರಲ್ಲಿ ಕೆನಡಾದ ಒಂದು ಬೋಯಿಂಗ್ 767 ವಿಮಾನಕ್ಕೆ ಇಂಧನ ತುಂಬುವಾಗ ಗೇಜ್ ಕೆಲಸ ಮಾಡುತ್ತಿರಲಿಲ್ಲ. ಅಳತೆಕೋಲಿನಿಂದ ಲೀಟರ್ ಲೆಕ್ಕ ಹಾಕಿ ಅದನ್ನು ತೂಕಕ್ಕೆ ತಿರುಗಿಸಿದರು. ಲೀಟರಿಗೆ ಸುಮಾರು 0.8ರಿಂದ ಗುಣಿಸಿದ್ದರೆ ಕಿಲೋಗ್ರಾಂ ಬರುತ್ತಿತ್ತು. ಅವರು ಗುಣಿಸಿದ್ದು 1.77ರಿಂದ. ಬಂದ ಉತ್ತರ ಪೌಂಡ್, ಓದಿಕೊಂಡದ್ದು ಕಿಲೋ. ಅರ್ಧಕ್ಕಿಂತ ಕಡಿಮೆ ಇಂಧನದೊಂದಿಗೆ ಹಾರಿದ ವಿಮಾನ ಹಾರಾಟದ ನಡುವೆಯೇ ಎರಡೂ ಎಂಜಿನ್ ಕಳೆದುಕೊಂಡಿತು. ಪೈಲಟ್‌ಗಳ ಚಾತುರ್ಯದಿಂದ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ತೇಲಿಕೊಂಡು ಬಂದು ಇಳಿಯಿತು, ಯಾರೂ ಸಾಯಲಿಲ್ಲ. ನಮ್ಮ ಬಡಗಿಗಳು ಇಂದಿಗೂ ಸೂತಿನಲ್ಲಿ ಅಳೆಯುತ್ತಾರೆ, ಅಂಗುಲದ ಎಂಟನೇ ಒಂದು ಭಾಗ. ಅಂಗಡಿಯವನು ಪ್ಲೈವುಡ್ ಕೊಡುವುದು ಎಂಎಂನಲ್ಲಿ. ಚೀಟಿಯಲ್ಲಿ "6" ಎಂದಷ್ಟೇ ಬರೆದು ಕಳಿಸಿದರೆ ಬರುವ ಹಲಗೆ ಯಾವ ಆರು?

ಇನ್ನು ಭಾಷೆ. ಎಲ್ಲ ಇಂಗ್ಲಿಷಿನಲ್ಲೇ ಇರಬೇಕು ಎಂಬ ಒತ್ತಾಯದಿಂದ ನಮ್ಮ ಹುಡುಗರು ಬರೆಯುವುದನ್ನೇ ಬಿಟ್ಟಿದ್ದಾರೆ. "ವರ್ಕ್ ಡನ್" ಎಂಬ ಎರಡು ಪದದ ಹಿಂದೆ ಅಡಗಿಕೊಳ್ಳುತ್ತಾರೆ. ಕನ್ನಡಕ್ಕೆ ಇದು ಹೊಸ ಕೆಲಸವೇನಲ್ಲ. ಸಾವಿರ ವರ್ಷದ ಹಿಂದೆ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಬಾವಿ ತೋಡಲು ನೆಲದಡಿಯ ನೀರಿನ ಗುರುತು ಹಿಡಿಯುವುದರಿಂದ ಹಿಡಿದು ಅಡುಗೆ, ಗಿಡಮರಗಳ ಆರೈಕೆಯವರೆಗೆ ಎಲ್ಲ ಇದೆ. ಕೀರ್ತಿವರ್ಮ ದನಕರುಗಳ ಚಿಕಿತ್ಸೆಗೆಂದೇ 'ಗೋವೈದ್ಯ' ಬರೆದ. ಮಾಡುವ ಕೆಲಸವನ್ನು ಮಾಡುವವರ ಭಾಷೆಯಲ್ಲಿ ಬರೆಯುವುದು ನಮ್ಮಲ್ಲಿ ಅಷ್ಟು ಹಳೆಯದು. ಐಟಿಐಗಳಿಗೆ ಪಠ್ಯ ಸಿದ್ಧಪಡಿಸುವ ಚೆನ್ನೈನ ನಿಮಿ ಸಂಸ್ಥೆ ಕನ್ನಡದಲ್ಲೂ ಪುಸ್ತಕಗಳನ್ನು ತರುತ್ತಿದೆ.

ಕನ್ನಡದ ಜಾಯಮಾನವೇ ಕೆಲಸದ ಸೂಚನೆಗೆ ಒಗ್ಗುವಂಥದ್ದು. "ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಕವರ್ ಬಿಚ್ಚಿ." ಮೊದಲು ಮಾಡುವುದು ಮೊದಲು, ಆಮೇಲಿನದು ಆಮೇಲೆ. ಇಂಗ್ಲಿಷ್ ಕೈಪಿಡಿಯನ್ನು ಪದಕ್ಕೆ ಪದ ಇಳಿಸಿದವರು "ಕವರನ್ನು ತೆಗೆಯಿರಿ, ಮೇನ್ ಆಫ್ ಆಗಿರುವುದನ್ನು ಖಚಿತಪಡಿಸಿಕೊಂಡ ನಂತರ" ಎಂದು ಬರೆಯುತ್ತಾರೆ. ಆ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಕವರು ಕೈಗೆ ಬಂದಿರುತ್ತದೆ.

ಆದರೆ ಕನ್ನಡದಲ್ಲಿ ಒಂದು ಅಪಾಯವೂ ಇದೆ, ಅದನ್ನು ಹುಡುಗರಿಗೆ ಬಿಡಿಸಿ ಹೇಳಬೇಕು. ನಮ್ಮ ನಿಷೇಧ ವಾಕ್ಯದ ತುದಿಯಲ್ಲಿ ಕೂತಿರುತ್ತದೆ. "ಮಷಿನ್ ತಿರುಗುತ್ತಿರುವಾಗ ಬೆಲ್ಟ್ ಗಾರ್ಡಿನ ನಾಲ್ಕೂ ಬೋಲ್ಟ್ ಸಡಿಲಿಸಿ ಗಾರ್ಡನ್ನು ಹೊರಕ್ಕೆ ಎಳೆಯಬೇಡಿ" ಎಂಬ ಸಾಲಿನಲ್ಲಿ 'ಬೇಡಿ' ಬರುವವರೆಗೂ ಅದು ಮಾಡು ಎನ್ನುವ ಸಾಲೇ. ಎಣ್ಣೆ ಹತ್ತಿದ ಹಾಳೆಯಲ್ಲಿ ಕೊನೆಯ ಪದ ಅಳಿಸಿದ್ದರೆ ಮುಗಿಯಿತು. ಎಚ್ಚರಿಕೆಯ ವಾಕ್ಯ ನಾಲ್ಕೈದು ಪದ ಮೀರಬಾರದು: "ಎಚ್ಚರಿಕೆ. ಮೊದಲು ಮಷಿನ್ ನಿಲ್ಲಿಸಿ." ಮಿಕ್ಕದ್ದು ಮುಂದಿನ ವಾಕ್ಯಕ್ಕೆ.

ಇನ್ನೊಂದು ರೋಗ ಕಚೇರಿ ಕಾಗದಗಳಿಂದ ಬಂದದ್ದು, 'ಲಾಗಿದೆ'. ತೆಗೆಯಲಾಗಿದೆ, ಪರಿಶೀಲಿಸಲಾಗಿದೆ, ಸರಿಪಡಿಸಲಾಗಿದೆ. ಗಂಭೀರವಾಗಿ ಕೇಳಿಸುತ್ತದೆ, ಆದರೆ ಅದರೊಳಗೆ ಮನುಷ್ಯನಿಲ್ಲ. "ಫ್ಯೂಸ್ ತೆಗೆಯಲಾಗಿದೆ" ಎಂದರೆ ತೆಗೆದವರು ಯಾರು, ಈಗ ಅದು ಎಲ್ಲಿದೆ? "ಫ್ಯೂಸ್ ನಾನು ತೆಗೆದಿದ್ದೇನೆ, ನನ್ನ ಜೇಬಿನಲ್ಲಿದೆ" ಎಂದರೆ ಕಂಬ ಹತ್ತುವವನು ಧೈರ್ಯವಾಗಿ ಹತ್ತುತ್ತಾನೆ.

ಪದಗಳ ಬಗ್ಗೆ ಜಗಳ ಬೇಡ. ರೈತನಿಗೂ ಲೈನ್‌ಮನ್‌ಗೂ ಟ್ರಾನ್ಸ್‌ಫಾರ್ಮರ್ ಎಂದರೆ 'ಟಿಸಿ'. ಅಲ್ಲಿ ವಿದ್ಯುತ್ ಪರಿವರ್ತಕ ಎಂದು ಬರೆದರೆ ಓದುವವನು ಒಂದು ಕ್ಷಣ ನಿಲ್ಲುತ್ತಾನೆ, ಆ ಕ್ಷಣ ನಷ್ಟ. ಯಾವ ಪದವಾದರೂ ಸರಿ, ಒಂದು ವಸ್ತುವಿಗೆ ಒಂದೇ ಪದ ಇರಲಿ. ಮೇಲಿನ ಸಾಲಿನಲ್ಲಿ 'ಸ್ಪ್ಯಾನರ್', ಕೆಳಗಿನ ಸಾಲಿನಲ್ಲಿ 'ಪಾನಾ' ಎಂದು ಬರೆದರೆ ಹೊಸ ಹುಡುಗ ಎರಡು ಸಾಮಾನು ಹುಡುಕುತ್ತಾನೆ. ಶಾಲೆಯ ಪ್ರಬಂಧದಲ್ಲಿ ಒಂದೇ ಪದ ಮತ್ತೆ ಮತ್ತೆ ಬಂದರೆ ಮೇಷ್ಟ್ರು ತಿದ್ದುತ್ತಿದ್ದರು. ಇಲ್ಲಿ ಮತ್ತೆ ಮತ್ತೆ ಬರಬೇಕು. ವಿಮಾನ ರಿಪೇರಿಯ ಕೈಪಿಡಿಗಳಿಗೆ ಇದಕ್ಕೆಂದೇ ಸರಳೀಕೃತ ಇಂಗ್ಲಿಷ್ ಎಂಬ ಕಟ್ಟುಪಾಡಿದೆ. ಇಂಗ್ಲಿಷ್ ಮನೆಮಾತಲ್ಲದ ಮೆಕ್ಯಾನಿಕ್‌ಗಳನ್ನು ಮನಸ್ಸಿನಲ್ಲಿಟ್ಟು 1980ರ ದಶಕದಲ್ಲಿ ಯುರೋಪಿನ ವಿಮಾನ ಉದ್ಯಮ ಅದನ್ನು ರೂಪಿಸಿತು. ಒಂದು ಪದಕ್ಕೆ ಒಂದೇ ಅರ್ಥ, ಕೆಲಸದ ಸೂಚನೆಯ ಒಂದು ವಾಕ್ಯದಲ್ಲಿ 20 ಪದಕ್ಕಿಂತ ಹೆಚ್ಚಿಲ್ಲ. ಇಂಥ ಒಂದು ಕಟ್ಟುಪಾಡನ್ನು ಕನ್ನಡಕ್ಕೂ ನಮ್ಮ ಐಟಿಐ ಶಿಕ್ಷಕರು, ಕನ್ನಡ ಮೇಷ್ಟ್ರುಗಳು ಒಟ್ಟಿಗೆ ಕೂತು ಮಾಡಬಹುದು. ಮಾಡಬೇಕು ಎಂಬುದು ನನ್ನ ಆಸೆ.

ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಮಂಗಳೂರು, ಉಡುಪಿ, ಭಟ್ಕಳದಿಂದ ಗಲ್ಫಿಗೆ ಹೋಗುವ ಹುಡುಗನಿಗೆ ಅಲ್ಲಿನ ವರ್ಕ್ ಪರ್ಮಿಟ್ ಇಂಗ್ಲಿಷಿನಲ್ಲೇ ಎದುರಾಗುತ್ತದೆ. ಏನಾಯಿತು, ಏನು ನೋಡಿದೆ, ಏನು ಮಾಡಿದೆ, ಏನು ಬಾಕಿ ಎಂಬ ಕ್ರಮ ಕನ್ನಡದಲ್ಲಿ ತಲೆಗೆ ಕೂತವನಿಗೆ ಅದನ್ನು ಇಂಗ್ಲಿಷಿಗೆ ದಾಟಿಸಲು ಕೆಲವು ನೂರು ಪದಗಳು ಸಾಕು. ಕ್ರಮವೇ ಇಲ್ಲದವನಿಗೆ ಇಡೀ ನಿಘಂಟು ಕೊಟ್ಟರೂ ಪ್ರಯೋಜನವಿಲ್ಲ.

ಸ್ವಂತ ಕೆಲಸ ಮಾಡುವವರಿಗಂತೂ ಇದು ಅನ್ನದ ಪ್ರಶ್ನೆ. ಮನೆ ವೈರಿಂಗ್ ಒಪ್ಪಿಕೊಳ್ಳುವ ಎಲೆಕ್ಟ್ರಿಷಿಯನ್ ಬಾಯಿಮಾತಿನಲ್ಲಿ ಒಂದು ಮೊತ್ತ ಹೇಳುತ್ತಾನೆ, ಮಾಲೀಕ ಆಯ್ತು ಎನ್ನುತ್ತಾನೆ. ಜಗಳ ಶುರುವಾಗುವುದು ಗೃಹಪ್ರವೇಶದ ಹಿಂದಿನ ವಾರ. ಮೆಟ್ಟಿಲಿನ ಟೂ ವೇ ಸ್ವಿಚ್ಚು ಒಂದು ಪಾಯಿಂಟೋ ಎರಡೋ? ಪೈಪಿಗಾಗಿ ಗೋಡೆ ಕೊರೆದದ್ದಕ್ಕೆ ಸಿಮೆಂಟ್ ಮೆತ್ತುವುದು ಯಾರ ಕೆಲಸ? ಮಧ್ಯದಲ್ಲಿ ಯಜಮಾನಿ ಕೇಳಿದ ದೇವರಮನೆಯ ಹೆಚ್ಚುವರಿ ಲೈಟು ಲೆಕ್ಕಕ್ಕಿದೆಯೋ ಇಲ್ಲವೋ? ಕೆಲಸ ಶುರುವಾಗುವ ಮೊದಲು ಒಂದು ಹಾಳೆ ಬರೆದಿದ್ದರೆ ಇಷ್ಟೂ ತಪ್ಪುತ್ತಿತ್ತು. ಎಷ್ಟು ಪಾಯಿಂಟು, ಪಾಯಿಂಟಿಗೆ ಎಷ್ಟು. ಲೈಟಿಗೆ 1.5 ಸ್ಕ್ವೇರ್ ಎಂಎಂ ವೈರು, ಪವರ್ ಪ್ಲಗ್ಗಿಗೆ 2.5, ಗೀಸರ್ ಮತ್ತು ಎಸಿಗೆ 4. ವೈರು ಯಾವ ಕಂಪನಿಯದು, ತರುವವರು ಯಾರು. ಹಣ ಯಾವ ಹಂತದಲ್ಲಿ ಎಷ್ಟು. ಎಲ್ಲಕ್ಕಿಂತ ಮುಖ್ಯ, ಈ ಮೊತ್ತದಲ್ಲಿ ಏನೇನು ಸೇರಿಲ್ಲ. ಈ ಕೊನೆಯ ಸಾಲು ಬರೆಯಲು ನಮ್ಮ ಜನ ಸಂಕೋಚಪಡುತ್ತಾರೆ, ಕೆಲಸ ಕೈತಪ್ಪೀತು ಎಂದು. ಆ ಸಾಲು ಬರೆದವನನ್ನೇ ಮಾಲೀಕರು ಪಕ್ಕದ ಮನೆಯವರಿಗೆ ಹೇಳಿ ಕಳಿಸಿದ್ದನ್ನು ನಾನು ಕಂಡಿದ್ದೇನೆ.

ಇದನ್ನು ಕಲಿಸಲು ಹೊಸ ಪುಸ್ತಕವಾಗಲಿ ಪೀರಿಯಡ್ಡಾಗಲಿ ಬೇಕಿಲ್ಲ, ವರ್ಕ್‌ಶಾಪ್ ಸಾಕು. ಕಳೆದ ವರ್ಷ ಒಂದು ಐಟಿಐಯಲ್ಲಿ ಮಕ್ಕಳೊಂದಿಗೆ ಒಂದು ಮಧ್ಯಾಹ್ನ ಕಳೆದೆ. ಎಲೆಕ್ಟ್ರಿಷಿಯನ್ ಟ್ರೇಡಿನ ಹುಡುಗರು ತ್ರೀ ಪಿನ್ ಪ್ಲಗ್ಗಿಗೆ ವೈರು ಜೋಡಿಸುವುದನ್ನು ಬರೆಯಬೇಕು. ಪ್ಲಗ್ ಬಿಚ್ಚಿ ನೋಡಿಯೇ ಇರದ ಕಂಪ್ಯೂಟರ್ ಟ್ರೇಡಿನ ಹುಡುಗಿಯರು ಅದನ್ನು ಓದಿ, ಬರೆದಷ್ಟನ್ನೇ ಮಾಡಬೇಕು. ಬರೆದವರು ಬಾಯಿ ತೆರೆಯುವಂತಿಲ್ಲ. ಒಬ್ಬ ಹುಡುಗ ಎರಡೇ ಸಾಲು ಬರೆದಿದ್ದ: "ವೈರಿನ ಸಿಪ್ಪೆ ತೆಗೆದು ಪಿನ್ನಿಗೆ ಹಾಕಿ ಟೈಟ್ ಮಾಡಿ. ಬಲಗಡೆ ಫೇಸ್." ಹುಡುಗಿ ಗೇಣುದ್ದ ಸಿಪ್ಪೆ ತೆಗೆದಳು, ಪಿನ್ನುಗಳು ತನ್ನ ಕಡೆ ಇರುವಂತೆ ಪ್ಲಗ್ ಹಿಡಿದು ಬಲಗಡೆಯದಕ್ಕೆ ಫೇಸ್ ಹಾಕಿದಳು. ಸಾಕೆಟ್ಟಿಗೆ ಚುಚ್ಚಿದಾಗ ಅದು ಎಡಗಡೆಗೆ ಹೋಗುತ್ತದೆ. ಹುಡುಗ ತುಟಿ ಕಚ್ಚಿಕೊಂಡು ನಿಂತಿದ್ದ. ಎರಡನೇ ಸಲ ಬರೆದಾಗ ಸೆಂಟಿಮೀಟರ್ ಬಂತು, ವೈರಿನ ಬಣ್ಣ ಬಂತು. ಮೂರನೇ ಸಲ "ಪಿನ್ನುಗಳು ಗೋಡೆ ಕಡೆ ಇರುವಂತೆ ಹಿಡಿಯಿರಿ" ಎಂಬ ಸಾಲು ಎಲ್ಲಕ್ಕಿಂತ ಮೇಲೆ ಬಂತು. ಹುಡುಗಿ ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿ ಜೋಡಿಸಿದಳು. ಮೇಷ್ಟ್ರು ಸೀರೀಸ್ ಲ್ಯಾಂಪ್ ಹಿಡಿದು ನೋಡಿ ಸರಿಯಿದೆ ಎಂದರು.

ಅವಳು ಹಾಳೆ ವಾಪಸ್ ಕೊಡಲಿಲ್ಲ. "ಅರ್ತ್ ವೈರ್ ಮಿಕ್ಕ ಎರಡಕ್ಕಿಂತ ಒಂದು ಸೆಂಟಿಮೀಟರ್ ಉದ್ದ ಬಿಡಿ ಅಂತ ಬರ್ದಿದೀಯ. ಯಾಕೆ ಅಂತ ಬರ್ದಿಲ್ಲ. ನಾನಾಗಿದ್ರೆ ಅಂದವಾಗಿರ್ಲಿ ಅಂತ ಸಮ ಮಾಡಿ ಕತ್ತರಿಸ್ತಿದ್ದೆ" ಎಂದಳು. ಹುಡುಗ ಹಾಳೆ ಇಸಿದುಕೊಂಡು, ಆ ಸಾಲಿನ ಕೆಳಗೆ ಉಳಿದಿದ್ದ ಚೂರು ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿದ: "ಯಾರಾದರೂ ವೈರ್ ಜಗ್ಗಿದರೆ ಇದು ಎಲ್ಲಕ್ಕಿಂತ ಕೊನೆಗೆ ಕಿತ್ತು ಬರಬೇಕು."